ಮತಸಹಿಷ್ಣುತೆಯ ಸಂಕೇತಗಳು: ಒಂದು ವಿಮರ್ಶೆ

ಪರಮತ ಸಹಿಷ್ಣುತೆಯು ಕನ್ನಡನಾಡಿನ ಹುಟ್ಟುಗುಣವೆಂಬ ಮಾತು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗಕಾರನು ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲ ಗುಣವನ್ನೇ ನಿಜವಾದ ಹೊನ್ನೆಂದು ಎಣಿಸಿದುದನ್ನು ಈ ಮಾತಿಗೆ ಆಧಾರವಾಗಿ ತೋರಿಸುವುದುಂಟು. ಆ ಗುಣದ ಕುರುಹುಗಳೆಂದು ಜನಪ್ರಿಯ ಸಂಸ್ಕೃತಿಯು ಕೆಲವು ಚಿತ್ರಗಳನ್ನು ಆಯ್ದುಕೊಂಡಿದೆ. ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದ ದೃಶ್ಯ, ಗುರು ಗೋವಿಂದಭಟ್ಟರೊಡನೆ ಶಿಶುನಾಳ ಶರೀಫರು ಇರುವ ಪಟ, ಬೆಂಗಳೂರಿನ ಕರಗವು ದರ್ಗಾದ ಮುಂದೆ ನಿಲ್ಲುವ ಗಳಿಗೆ, ಉತ್ತರ ಕರ್ನಾಟಕದ ಹಳ್ಳಿಗಳ ಅಲಾಯಿ ಹಬ್ಬ - ಇವು ಅಂಥವು. ಪಠ್ಯಪುಸ್ತಕ, ರಂಗಭೂಮಿ, ಚಲನಚಿತ್ರ, ವೃತ್ತಪತ್ರಿಕೆಗಳ ಮೂಲಕ ಇವು ಎಷ್ಟು ಪರಿಚಿತವಾಗಿವೆಯೆಂದರೆ, ಹೆಸರೆತ್ತಿದೊಡನೆಯೇ ವಿಚಾರಣೆ ನಿಂತು ಮೆಚ್ಚುಗೆ ಮೊದಲಾಗುತ್ತದೆ. ಮೆಚ್ಚುಗೆಗೆ ನಮ್ಮ ಆಕ್ಷೇಪವಿಲ್ಲ. ಆದರೆ ಮೆಚ್ಚಿಕೊಳ್ಳುವ ಅವಸರದಲ್ಲಿ ಈ ಸಂಕೇತಗಳೊಳಗಿನ ಮುಖ್ಯವಾದ ಅಂಶವೊಂದು ನಮ್ಮ ಗಮನದಿಂದ ಜಾರಿಹೋಗುತ್ತಿದೆಯೆಂಬುದು ನಮ್ಮ ಅಭಿಪ್ರಾಯ. ಅದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದದ ವಿಚಾರ. ಸಹಿಷ್ಣುತೆಯೆಂಬುದು 'ಸಹ್' ಧಾತುವಿನಿಂದ ಬಂದುದು, ತಾಳಿಕೊಳ್ಳುವುದೆಂದು ಅರ್ಥ. ಇಷ್ಟವಿಲ್ಲದುದನ್ನಲ್ಲದೆ ಬೇರೇನನ್ನು ತಾಳಿಕೊಳ್ಳಬೇಕಾದೀತು? ಹೀಗಾಗಿ ಈ ಶಬ್ದದಲ್ಲಿ ಒಂದು ಬಗೆಯ ದೂರ ಮೊದಲೇ ಸೇರಿಕೊಂಡಿದೆ. ಸರಕಾರದ ಹಾಗೂ ಸಭೆಗಳ ಭಾಷೆಯಲ್ಲಿ ಇದಕ್ಕೆ ಬದಲಾಗಿ ಬಂದ 'ಭಾವೈಕ್ಯತೆ'ಯು ವ್ಯಾಕರಣದ ದೃಷ್ಟಿಯಿಂದಲೇ ಸರಿಯಾದುದಲ್ಲ. ಐಕ್ಯವೆಂಬಲ್ಲಿಯೇ ಭಾವಾರ್ಥವಿರುವಾಗ ಮೇಲೊಂದು 'ತೆ' ಪ್ರತ್ಯಯ ಏತಕ್ಕೆ? ಇರಲಿ, ಪ್ರತ್ಯಯದ ದೋಷ ಸಣ್ಣದು. ಅರ್ಥದ ದೋಷ ಅದಕ್ಕಿಂತ ದೊಡ್ಡದು. ಭಾವ ಒಂದಾದರೆ ಸಾಕು, ಉಳಿದುದೆಲ್ಲ ತಾನಾಗಿ ನೆಟ್ಟಗಾಗುತ್ತದೆಂಬ ನಂಬಿಕೆಯನ್ನು ಈ ಶಬ್ದ ಹುಟ್ಟಿಸುತ್ತದೆ. ನಮ್ಮ ಪೂರ್ವಿಕರು ಹಾಗೆ ನಂಬಿದವರಲ್ಲವೆಂಬುದಕ್ಕೆ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಕಲ್ಲೇ ಸಾಕ್ಷಿ.

ಶಕವರ್ಷ 1290ರ, ಎಂದರೆ ಕ್ರಿ.ಶ. 1368ರ, ಈ ಶಾಸನವು ಇತಿಹಾಸದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಊರುಗಳ ಜೈನರು ತಮಗೆ ಭಕ್ತರಿಂದ, ಎಂದರೆ ವೈಷ್ಣವರಿಂದ, ಆಗುತ್ತಿದ್ದ ಅನ್ಯಾಯವನ್ನು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಶ್ರೀವೈಷ್ಣವರನ್ನೂ ಹದಿನೆಂಟು ನಾಡುಗಳ ಪ್ರತಿನಿಧಿಗಳನ್ನೂ ಕೂಡಿಸಿ, ಅರಸನು ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಹೇಳಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಕೊಟ್ಟನು. ಶಾಲೆಯ ಪುಸ್ತಕದಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ಇಲ್ಲಿಯವರೆಗಿನದು ಚಿತ್ರಕ್ಕೆ ಒದಗುವಂಥದು: ಸಿಂಹಾಸನ, ಎರಡು ಗುಂಪು, ನಡುವೆ ಕೂಡಿದ ಕೈಗಳು.

ಕಲ್ಲಿನ ಮೇಲಿನ ಬರಹ ಇಲ್ಲಿಗೆ ಮುಗಿಯುವುದಿಲ್ಲ. ಜೈನದರ್ಶನಕ್ಕೆ ಪಂಚಮಹಾವಾದ್ಯಗಳೂ ಕಳಶವೂ ಮುಂಚಿನ ಮರ್ಯಾದೆಯಂತೆ ಸಲ್ಲತಕ್ಕವು. ಭಕ್ತರ ದೆಸೆಯಿಂದ ಜೈನರಿಗೆ ಹಾನಿಯೋ ವೃದ್ಧಿಯೋ ಆದರೆ ವೈಷ್ಣವರು ಅದನ್ನು ತಮ್ಮದೆಂದೇ ಬಗೆಯತಕ್ಕದ್ದು. ಈ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ನಡೆಸತಕ್ಕದ್ದು. ಅಷ್ಟೇ ಅಲ್ಲ, ಜೈನರು ಮನೆಮನೆಗೆ ವರ್ಷಕ್ಕೊಂದು ಹಣವನ್ನು ಕೊಡಬೇಕು. ಆ ಹಣದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನಿಡಬೇಕು. ಮಿಕ್ಕ ಹೊನ್ನಿನಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಯಿಸಬೇಕು. ತಪ್ಪಿದವನು ರಾಜದ್ರೋಹಿ, ಸಂಘಸಮುದಾಯಗಳಿಗೆ ದ್ರೋಹಿ. ಕಾವಲಿನ ಆಳುಗಳ ಸಂಖ್ಯೆ, ಹಣದ ದರ, ಸುಣ್ಣದ ಖರ್ಚು - ಇವು ರೋಮಾಂಚವನ್ನುಂಟುಮಾಡುವ ಸಂಗತಿಗಳಲ್ಲ. ಆದರೆ ಆ ಕೈ ಕೂಡಿಸಿದ ದೃಶ್ಯಕ್ಕೆ ಮೈ ಬಂದುದು ಇವುಗಳಿಂದಲೇ. ಅರಸನ ಮಾತು ಸಭೆಯ ದಿನಕ್ಕೆ ಸಾಲುತ್ತಿತ್ತು. ಮರುವರ್ಷಕ್ಕೆ ಬೇಕಾದುದು ಇಪ್ಪತ್ತು ಆಳುಗಳ ಸಂಬಳ.

ಇದನ್ನು ಸಮಾನತೆಯ ಶಾಸನವೆಂದು ಕರೆಯುವಷ್ಟು ದೂರ ನಾವು ಹೋಗಲಾರೆವು. ತೊಂದರೆಗೊಳಗಾದವರೇ ತಮ್ಮ ರಕ್ಷಣೆಗೆ ಹಣ ತೆರಬೇಕಾಯಿತು. ಆ ಹಣದ ವಿನಿಯೋಗವು ಎದುರು ಪಕ್ಷದ ಹಿರಿಯನ ಕೈಯಲ್ಲಿತ್ತು. ಬಲಾಢ್ಯರು ಬಲಹೀನರಿಗೆ ಕೊಟ್ಟ ಜಾಮೀನೆಂದರೆ ಹೆಚ್ಚು ನಿಖರವಾದೀತು. ಆದರೂ ಅದರ ಜಾಣತನವನ್ನು ಗಮನಿಸಬೇಕು. ಕಾವಲಿನ ಹೊಣೆಯನ್ನು ಅರಸನ ಅಧಿಕಾರಿಗಳಿಗೆ ವಹಿಸದೆ, ಕೆಡುಕು ಯಾರ ಕಡೆಯಿಂದ ಬರಬಹುದಾಗಿತ್ತೋ ಅವರ ಹಿರಿಯನಿಗೇ ವಹಿಸಲಾಯಿತು. ಇದನ್ನು ಸಹಿಷ್ಣುತೆಯೆನ್ನುವುದಕ್ಕಿಂತ ಹೊಣೆಗಾರಿಕೆಯೆನ್ನುವುದೇ ಮೇಲು. ಸಂಕೇತವೊಂದನ್ನು ತೂಗುವಾಗ ಅದರ ಹಿಂದೆ ಯಾರ ಹಕ್ಕು, ಯಾರ ಕರ್ತವ್ಯ, ಯಾರ ಖರ್ಚು ಇದೆಯೆಂದು ಕೇಳಬೇಕೆಂಬ ಅಳತೆಗೋಲು ನಮಗೆ ಈ ಕಲ್ಲಿನಿಂದಲೇ ದೊರೆತುದು.

ಆ ಸಭೆಗೆ ಶ್ರೀವೈಷ್ಣವರನ್ನು ಕಳಿಸಿದ ಮೇಲುಕೋಟೆಯಲ್ಲಿಯೇ ಇನ್ನೊಂದು ಕುರುಹುಂಟು. ಚೆಲುವನಾರಾಯಣನ ಪಾದದ ಬಳಿ ಪೂಜೆಗೊಳ್ಳುವ ಬೀಬಿ ನಾಚ್ಚಿಯಾರಳು ದಿಲ್ಲಿಯ ಸುಲ್ತಾನನ ಮಗಳೆಂದೂ, ರಾಮಾನುಜಾಚಾರ್ಯರು ಅಲ್ಲಿಂದ ಉತ್ಸವಮೂರ್ತಿಯನ್ನು ತಂದಾಗ ವಿರಹ ತಾಳದೆ ಹಿಂಬಾಲಿಸಿ ಬಂದಳೆಂದೂ ಐತಿಹ್ಯ. ಸಾಂಪ್ರದಾಯಿಕ ಗಣನೆಯಂತೆ ಆಚಾರ್ಯರು ತೀರಿಕೊಂಡುದು 1137ರಲ್ಲಿ; ದಿಲ್ಲಿಯಲ್ಲಿ ಸುಲ್ತಾನರ ಆಳಿಕೆ ನೆಲೆಗೊಂಡುದು 1206ರಲ್ಲಿ. ಆದುದರಿಂದ ಕಥೆಯನ್ನು ಇತಿಹಾಸವೆಂದು ಒಪ್ಪುವಂತಿಲ್ಲ. ಆದರೆ ಕಥೆ ಕಾಲಗಣನೆಗೆ ನಿಲ್ಲದೆಂದ ಮಾತ್ರಕ್ಕೆ ಪೂಜೆ ಸುಳ್ಳಾಗುವುದಿಲ್ಲ. ಪೂಜೆಯೇ ಇಲ್ಲಿ ಇತಿಹಾಸ. ಕಥೆ ಅದಕ್ಕೆ ಹೇಳಿಕೊಂಡ ಕಾರಣ.

ಇನ್ನು ಶಿಶುನಾಳ ಶರೀಫರು (1819-1889). ನಮ್ಮ ಕಾಲದ ಜನಪ್ರಿಯ ಸಂಸ್ಕೃತಿಯಲ್ಲಿ ಇವರಷ್ಟು ಸರ್ವಸಮ್ಮತವಾದ ಸಂಕೇತ ಇನ್ನೊಂದಿಲ್ಲ. ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣರು ಮುಸಲ್ಮಾನ ಶಿಷ್ಯನನ್ನು ಸ್ವೀಕರಿಸಿದುದು, ಜಾತಿಯವರ ವಿರೋಧ, ಶರೀಫರ ಅಂತ್ಯಕ್ರಿಯೆಯಲ್ಲಿ ಎರಡೂ ಮತದವರು ತಂತಮ್ಮ ವಿಧಿಗಳನ್ನು ನಡೆಸಿದರೆಂಬ ಐತಿಹ್ಯ - ಇವೆಲ್ಲ ನಾಟಕಕ್ಕೆ ತಾವೇ ಒದಗಿಬರುವ ವಸ್ತುಗಳು. ಭಜನೆಯ ಮೇಳಗಳಲ್ಲಿ ತಲೆಮಾರುಗಳಿಂದ ಉಳಿದುಬಂದಿದ್ದ ಪದಗಳನ್ನು ಸಿ. ಅಶ್ವತ್ಥರು ಸುಗಮ ಸಂಗೀತದ ಧಾಟಿಗೆ ತಂದು ಪಟ್ಟಣದ ಮನೆಮನೆಗೆ ಮುಟ್ಟಿಸಿದರು. 1990ರಲ್ಲಿ ತೆರೆಕಂಡ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರದಲ್ಲಿ ಶ್ರೀಧರ್ ಅವರು ಶರೀಫರಾಗಿಯೂ ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿಯೂ ಅಭಿನಯಿಸಿದರು. ರಾಷ್ಟ್ರೀಯ ಭಾವೈಕ್ಯವನ್ನು ಕುರಿತ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತು. ಕನ್ನಡ ಚಿತ್ರಗಳಲ್ಲಿ ಅದು ಗಣ್ಯವಾದುದೆಂಬುದರಲ್ಲಿ ನಮಗೆ ಸಂಶಯವಿಲ್ಲ. ಅಶ್ವತ್ಥರ ಸ್ವರಸಂಯೋಜನೆಯ ಬಲವು ಇಂದಿಗೂ ಕುಂದಿಲ್ಲ.

ಆದರೆ ಆ ಪ್ರಶಸ್ತಿಯ ಹೆಸರೇ ಚಿತ್ರವನ್ನು ಹೇಗೆ ನೋಡಬೇಕೆಂಬುದನ್ನು ಗೊತ್ತುಮಾಡಿಬಿಟ್ಟಿತೋ ಎನ್ನಿಸುತ್ತದೆ. ಆನಂತರದ ಜನಮನದಲ್ಲಿ ಶರೀಫರೆಂದರೆ ಎರಡು ಮತಗಳನ್ನು ಕೂಡಿಸಿದ ಒಬ್ಬ ಸೌಮ್ಯ ಮುಖದ ಸಂತರು. ಅವರ ಪದಗಳಲ್ಲಿ ಕಾಣುವ ವ್ಯಕ್ತಿ ಅಷ್ಟು ಸೌಮ್ಯನಲ್ಲ. ಸೋರುವ ಮಾಳಿಗೆಯನ್ನು ಹಾಡಿದ ಆ ನಾಲಗೆಗೆ ಡಾಂಭಿಕರನ್ನು ಕಂಡರೆ ಸೈರಣೆಯೇ ಇಲ್ಲ; ಯಾವ ಮತದವನೆಂದು ನೋಡದೆ ಝಾಡಿಸುತ್ತದೆ. ಗುರುಶಿಷ್ಯರಿಬ್ಬರ ಸ್ನೇಹವು ಮನಸ್ಸನ್ನು ಕರಗಿಸುವಂಥದೆಂಬುದು ನಿಜ. ಆದರೆ ಇಬ್ಬರು ಅಸಾಮಾನ್ಯರ ಸ್ನೇಹದಿಂದ ಊರು ಬದುಕಿದ ರೀತಿ ತಿಳಿಯುವುದಿಲ್ಲ. ಹಾಗೆ ನೋಡಿದರೆ ಎಲ್ಲ ಕಾಲದಲ್ಲಿಯೂ, ಮತದ್ವೇಷವು ಉರಿಯುತ್ತಿರುವಾಗಲೂ, ಇಬ್ಬರು ಸಜ್ಜನರು ಸ್ನೇಹದಿಂದಿರಬಲ್ಲರು. ಪಟವು ನಮಗೆ ಅಸಾಮಾನ್ಯವಾದುದನ್ನು ತೋರಿಸಿ ಸಾಮಾನ್ಯವಾದುದನ್ನು ಮರೆಸುತ್ತದೆ.

ಆ ಸಾಮಾನ್ಯವಾದುದು ಎಲ್ಲಿದೆಯೆಂದು ಹುಡುಕುವವರಿಗೆ ಶರೀಫರೇ ದಾರಿ ತೋರಿಸುತ್ತಾರೆ. ಅವರು ಮೊಹರಮ್ಮಿಗಾಗಿ ರಿವಾಯತ್ ಪದಗಳನ್ನೂ ಕಟ್ಟಿದರು. ಪಟ್ಟಣದ ಸಂಗೀತಸಭೆಗಳಲ್ಲಿ ಇವು ಕೇಳಿಬರುವುದು ತೀರ ಅಪೂರ್ವ. ಕಾರಣ ಸ್ಪಷ್ಟ. ರಿವಾಯತ್ ಕುಳಿತು ಕೇಳುವ ಹಾಡಲ್ಲ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರು ಬೇಕು, ಹಲಗೆ ಬೇಕು, ಸವಾಲು ಹಾಕಿದರೆ ಜವಾಬು ಕೊಡಬಲ್ಲ ಎದುರು ಮೇಳ ಬೇಕು. ಒಟ್ಟಿನಲ್ಲಿ ಊರೇ ಬೇಕು.

ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ನಡೆದ ಇಮಾಮ್ ಹುಸೇನರ ಬಲಿದಾನದ ಸ್ಮರಣೆಯು ರಾಯಚೂರು, ಕೊಪ್ಪಳ, ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡ ಮೊದಲಾದ ಜಿಲ್ಲೆಗಳ ಹಳ್ಳಿಗಳಲ್ಲಿ ಹಬ್ಬವಾಗಿ ಬೇರೂರಿದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಸುತ್ತಿನ ನಾಡಿಗೆಲ್ಲ ಪ್ರಸಿದ್ಧ. ಒಂದು ಮುಸಲ್ಮಾನರ ಮನೆಯೂ ಇಲ್ಲದ ಊರುಗಳಲ್ಲಿಯೂ ಹಬ್ಬ ನಡೆಯುವುದುಂಟು. ಚಂದ್ರದರ್ಶನವಾದ ಮೇಲೆ ಕುಣಿಗೆ ಗುದ್ದಲಿ ಬೀಳುತ್ತದೆ, ಪಂಜಾಗಳನ್ನು ಕೂಡಿಸುತ್ತಾರೆ, ಹರಕೆ ಹೊತ್ತವರು ಲಾಡಿ ಹಾಕಿಕೊಂಡು ಫಕೀರರಾಗಿ ಮನೆಮನೆಗೆ ಹೋಗುತ್ತಾರೆ, ಸಕ್ಕರೆ ಓದಿಸುತ್ತಾರೆ, ಚೊಂಗೆ, ಮಾದಲಿಗಳ ಎಡೆಯಾಗುತ್ತದೆ, ಹತ್ತನೆಯ ದಿನ ದೇವರು ಹೊಳೆಗೆ ಹೋಗುತ್ತದೆ. ಹಿಜರಿ ವರ್ಷವು ಸುಮಾರು 354 ದಿನಗಳದಾದುದರಿಂದ ಹಬ್ಬವು ವರ್ಷವರ್ಷಕ್ಕೂ ಹನ್ನೊಂದು ದಿನದಷ್ಟು ಹಿಂದೆ ಸರಿದು, ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಎಂದರೆ ಮಳೆನಕ್ಷತ್ರಗಳನ್ನೆಣಿಸಿ ಬಿತ್ತುವ ಒಕ್ಕಲಿಗನು ಅದರೊಡನೆ ಇನ್ನೊಂದು ಪಂಚಾಂಗವನ್ನೂ ಲೆಕ್ಕದಲ್ಲಿಟ್ಟುಕೊಂಡಿರುತ್ತಾನೆ.

ಒಂಬತ್ತನೆಯ ರಾತ್ರಿಗೆ 'ಕತ್ತಲ ರಾತ್ರಿ'ಯೆಂದು ಹೆಸರು. ಇದು ಕೊಲೆಯ ರಾತ್ರಿಯೆಂಬ ಅರ್ಥದ 'ಖತಲ್ ಕೀ ರಾತ್' ಎಂಬುದರ ಕನ್ನಡ ರೂಪ. ಅರಬ್ಬೀ ಮೂಲದ ಶಬ್ದವು ಕನ್ನಡಿಗನ ಕಿವಿಯಲ್ಲಿ ಕತ್ತಲೆಯಾಯಿತು. ಶೋಕದ ಅರ್ಥವು ಕೆಡಲಿಲ್ಲವೆಂಬುದು ಸೋಜಿಗ. ಹೆಸರುಗಳನ್ನು ನೋಡಿದರೂ ಇದೇ ಬಗೆ. ಅಲಾಯಿ ದೇವರಿಗೆ ಹರಕೆ ಹೊತ್ತು ಹುಟ್ಟಿದ ಮಕ್ಕಳು ಫಕೀರಪ್ಪ, ಫಕೀರವ್ವ, ಹುಸೇನಪ್ಪನೆಂದು ಕರೆಯಿಸಿಕೊಳ್ಳುತ್ತಾರೆ. ಕುರುಬರಲ್ಲಿಯೂ ನಾಯಕರಲ್ಲಿಯೂ ಲಿಂಗವಂತರಲ್ಲಿಯೂ ಈ ಹೆಸರಿನವರುಂಟು. ಇವರಾರೂ ಪರಮತವನ್ನು ಸೈರಿಸಿಕೊಳ್ಳುತ್ತೇವೆಂದು ಭಾವಿಸಿದವರಲ್ಲ. ತಮ್ಮ ಮಗುವಿಗೆ ಜ್ವರ ಬಂದಿತ್ತು, ತಮ್ಮೂರ ದೇವರಿಗೆ ಬೇಡಿಕೊಂಡರು, ಅಷ್ಟೆ. ಅಲ್ಲಿ 'ಪರ'ವೆಂಬುದೇ ಇಲ್ಲದಿರುವಾಗ ಸಹಿಷ್ಣುತೆಗೆ ಎಡೆಯೆಲ್ಲಿ?

ಬೆಳಗೊಳದ ಕಲ್ಲಿನ ಅಳತೆಗೋಲನ್ನು ಇಲ್ಲಿ ಇಟ್ಟು ನೋಡಬೇಕು. ಗುದ್ದಲಿ ಯಾರು ಹಾಕಬೇಕು, ಕಟ್ಟಿಗೆ ಯಾರ ಹೊಲದಿಂದ ಬರಬೇಕು, ಮೊದಲ ಎಡೆ ಯಾರ ಮನೆಯದು, ಪಂಜಾ ಹೊರುವ ಮನೆತನ ಯಾವುದು, ಹಲಗೆ ಬಾರಿಸುವವರು ಯಾರು - ಊರೂರಿಗೆ ಬೇರೆಬೇರೆಯಾದರೂ ಪ್ರತಿಯೊಂದು ಊರಲ್ಲಿಯೂ ಗೊತ್ತಾದ ಕಟ್ಟುಂಟು. ಈ ಕಟ್ಟಿನ ಕುರಿತು ಜಗಳಗಳೂ ಉಂಟು. ನಮ್ಮ ಮನೆಯ ಸಕ್ಕರೆ ಮೊದಲು ಓದಿಸಲಿಲ್ಲವೆಂದು ಮುನಿಸಿಕೊಳ್ಳುವವನು ಹಬ್ಬವನ್ನು ತನ್ನದೆಂದು ತಿಳಿದವನಾಗಿರಬೇಕಷ್ಟೆ. ಸಂಕೇತದೊಳಗೆ ಜಗಳವಿರುವುದು ದೋಷವೆಂದು ವರದಿಗಾರರು ಅದನ್ನು ಬಿಟ್ಟುಬಿಡುತ್ತಾರೆ. ನಮ್ಮ ದೃಷ್ಟಿಯಲ್ಲಿ ಅದೇ ಅದರ ಜೀವದ ಗುರುತು.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ, ಎರಡೂ ತಳ್ಳಿಹಾಕತಕ್ಕವಲ್ಲ. ಹಬ್ಬದ ಈ ಕಟ್ಟು ಜಾತಿಯ ಕಟ್ಟೂ ಹೌದು. ಹಲಗೆ ಬಾರಿಸುವ 'ಹಕ್ಕು' ದಲಿತರಿಗೆ ಗೌರವವಾಗಿ ಬಂದುದೋ ಬಿಟ್ಟಿಯಾಗಿ ಬಂದುದೋ ಎಂದು ಕೇಳಿದರೆ ಊರ ಹಿರಿಯರಲ್ಲಿ ಉತ್ತರವಿರುವುದಿಲ್ಲ. ದಲಿತ ಸಂಘಟನೆಗಳ ಅರಿವು ಹಳ್ಳಿಗಳಿಗೆ ಹರಡಿದ ಮೇಲೆ ಇಂಥ ವಾಡಿಕೆಯ ದುಡಿಮೆಯನ್ನು ತರುಣರು ಒಲ್ಲೆವೆಂದರೆ ಅವರನ್ನು ಸಾಮರಸ್ಯದ ವೈರಿಗಳೆನ್ನುವುದು ಅನ್ಯಾಯ. ಮತಗಳ ನಡುವಣ ಬಾಗಿಲು ತೆರೆದಿದ್ದ ಊರಿನಲ್ಲಿಯೇ ಜಾತಿಗಳ ನಡುವಣ ಬಾಗಿಲು ಮುಚ್ಚಿದ್ದಿತೆಂಬುದನ್ನು ಇತಿಹಾಸಕಾರರು ಮರೆಮಾಚಲಾಗದು. ಎರಡನೆಯದು ಸುಧಾರಕರ ಆಕ್ಷೇಪ. ಪಂಜಾದ ಪೂಜೆ, ವೇಷ, ಕುಣಿತಗಳು ಇಸ್ಲಾಮಿಗೆ ಸಮ್ಮತವಲ್ಲವೆಂದು ಮುಸಲ್ಮಾನರಲ್ಲಿ ಹಲವರು ಹೇಳುತ್ತ ಬಂದಿದ್ದಾರೆ. ಇದು ನಮ್ಮ ಹಬ್ಬವಲ್ಲವೆಂದು ಹಿಂದೂಗಳಲ್ಲಿ ಹೇಳುವವರೂ ಹೊರಟಿದ್ದಾರೆ. ಮೊದಲನೆಯವರದು ಶಾಸ್ತ್ರದ ಪ್ರಶ್ನೆ. ಅದನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಎರಡೂ ಕಡೆಯ ಪ್ರಶ್ನೆಗಳು 'ಇದು ಯಾರದು?' ಎಂಬ ಒಂದೇ ಬಿಂದುವಿನಲ್ಲಿ ಕೂಡುತ್ತವೆಂಬುದಷ್ಟೇ ಪ್ರಕೃತ. ಹೊಣೆ ಹಂಚಿಕೊಂಡ ಊರಿನಲ್ಲಿ ಈ ಪ್ರಶ್ನೆ ಹುಟ್ಟಿರಲಿಲ್ಲ. ಹಬ್ಬವನ್ನು ದೂರ ನಿಂತು ಸಂಕೇತವಾಗಿ ನೋಡತೊಡಗಿದಾಗ ಅದು ಹುಟ್ಟಿತು. ಮತಸಾಮರಸ್ಯದ ಮಾದರಿಯೆಂದು ಹೊಗಳುವವರು ಮೊದಲು ಅದನ್ನು ಎರಡು ಮತಗಳಾಗಿ ಒಡೆದುಕೊಂಡೇ ಹೊಗಳಬೇಕಾಗುತ್ತದೆ; ಹಾಗೆ ಒಡೆದುದನ್ನು ಬೇರೆಯವರು ಎತ್ತಿಕೊಂಡು ಹೋಗುವುದು ಸುಲಭ.

ಹಳ್ಳಿಯಲ್ಲಿ ಕಂಡುದನ್ನು ಪಟ್ಟಣದಲ್ಲಿ ಪರೀಕ್ಷಿಸಿ ನೋಡಲು ಬೆಂಗಳೂರಿನ ಕರಗವು ತಕ್ಕ ಉದಾಹರಣೆ. ಧರ್ಮರಾಯಸ್ವಾಮಿ ದೇವಾಲಯದಿಂದ ಚೈತ್ರ ಪೂರ್ಣಿಮೆಯ ರಾತ್ರಿ ಹೊರಡುವ ದ್ರೌಪದಿಯ ಕರಗವು, ಕತ್ತಿ ಹಿಡಿದ ವೀರಕುಮಾರರೊಡನೆ ಪೇಟೆಯ ಬೀದಿಗಳನ್ನು ಸುತ್ತುವಾಗ, ಕಾಟನ್‌ಪೇಟೆಯಲ್ಲಿರುವ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಭೇಟಿ ಕೊಡುವುದು ರೂಢಿ. ಇದಕ್ಕೆ ಕಾರಣ ಹೇಳುವ ಕಥೆಗಳು ಹಲವು, ಒಂದಕ್ಕೊಂದು ಹೊಂದುವುದೂ ಇಲ್ಲ. ಮೇಲುಕೋಟೆಯ ವಿಷಯದಲ್ಲಿ ಹೇಳಿದುದೇ ಇಲ್ಲಿಗೂ ಸಲ್ಲುತ್ತದೆ. 2022ರಲ್ಲಿ ಕರಗವು ದರ್ಗಾಕ್ಕೆ ಹೋಗಕೂಡದೆಂದು ಕೆಲವರು ಒತ್ತಾಯಿಸಿದರು. ಪತ್ರಿಕೆಗಳಲ್ಲಿ ಭಾವೈಕ್ಯವನ್ನು ಕುರಿತು ಸಾಕಷ್ಟು ಲೇಖನಗಳು ಬಂದುವು. ದೇವಾಲಯದ ವ್ಯವಸ್ಥಾಪಕರ ಉತ್ತರ ಮಾತ್ರ ಚಿಕ್ಕದು: ಹಿಂದಿನಿಂದ ನಡೆದುಬಂದ ಪದ್ಧತಿ, ಅದರಂತೆ ನಡೆಯುತ್ತದೆ. ಕರಗವು ಎಂದಿನಂತೆ ಹೋಯಿತು. ಸಹಿಷ್ಣುತೆಯ ತತ್ತ್ವವನ್ನು ಮುಂದಿಟ್ಟಿದ್ದರೆ ತತ್ತ್ವದ ಮೇಲೆ ಚರ್ಚೆ ಬೆಳೆಯುತ್ತಿತ್ತು. ಪದ್ಧತಿಯನ್ನು ಮುಂದಿಟ್ಟುದರಿಂದ ವಾದಕ್ಕೆ ಎಡೆ ಕಡಮೆಯಾಯಿತು. ಸಂಕೇತವನ್ನು ಆ ವರ್ಷ ಕಾಪಾಡಿದುದು ಅದರ ಹೊಗಳಿಕೆಯಲ್ಲ, ಯಾವ ಬೀದಿಯ ಬಳಿಕ ಯಾವ ಬೀದಿಯೆಂಬ ಮೆರವಣಿಗೆಯ ಕ್ರಮ.

ಪದ್ಧತಿಯೊಂದಿದ್ದರೆ ಸಾಕು, ಎಲ್ಲವೂ ಉಳಿಯುತ್ತದೆಂದು ನಾವು ಹೇಳುತ್ತಿಲ್ಲ. ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದ ಗುಹೆಯು ದತ್ತಾತ್ರೇಯಪೀಠವೂ ಹೌದು, ಬಾಬಾಬುಡನ್ ದರ್ಗಾವೂ ಹೌದು ಎಂಬಂತೆ ನಡೆದುಬಂದಿತ್ತು. 1975ರಲ್ಲಿ ಅದರ ಆಡಳಿತವನ್ನು ಮುಜರಾಯಿಯಿಂದ ವಕ್ಫ್ ಮಂಡಳಿಗೆ ವರ್ಗಾಯಿಸಿದ ಆಜ್ಞೆಯಿಂದ ವ್ಯಾಜ್ಯ ಮೊದಲಾಗಿ, ಹತ್ತಾರು ವರ್ಷ ಕಚೇರಿ ನ್ಯಾಯಾಲಯಗಳನ್ನು ಅಲೆಯಿತು. 1990ರ ದಶಕದ ಕೊನೆಯಿಂದ ಬೀದಿಗೂ ಇಳಿಯಿತು. ಆ ವ್ಯಾಜ್ಯದ ನಡುವೆ 1989ರಲ್ಲಿ ಧರ್ಮಾದಾಯ ದತ್ತಿಗಳ ಆಯುಕ್ತರು 1975ಕ್ಕೆ ಹಿಂದಿನ ಆಚರಣೆಗಳು ಯಾವುವೆಂದು ಗೊತ್ತುಪಡಿಸಿದರು. ಪಾದುಕೆಗಳಿಗೆ ಹೂವಿಡುವುದು, ನಂದಾದೀಪ ಹಚ್ಚುವುದು, ತೀರ್ಥ ಕೊಡುವುದು - ಇವನ್ನೆಲ್ಲ ನಡೆಸುತ್ತಿದ್ದವರು ಪೀಠದ ಸಜ್ಜಾದೆ ನಶೀನರು. ದತ್ತಪಾದುಕೆಗೆ ಹೂವಿಡುವ ಕರ್ತವ್ಯ ಒಬ್ಬ ಮುಸಲ್ಮಾನ ಗುರುವಿನದಾಗಿತ್ತೆಂಬುದು ಯಾವ ಚಲನಚಿತ್ರಕ್ಕೂ ಹೊಳೆದಿರಲಿಲ್ಲ. ಅದು ಬರಹದಲ್ಲಿ ಸ್ಪಷ್ಟವಾಗುವ ಹೊತ್ತಿಗೆ ಕಾಲ ಮೀರಿತ್ತು. ಬಾಬಾಬುಡನ್‌ಗಿರಿಯು ಜನಪ್ರಿಯ ಸಾಹಿತ್ಯದಲ್ಲಿ ಸಾಮರಸ್ಯದ ಮಾದರಿಯೆಂದು ಬಹಳ ಕಾಲ ಹೊಗಳಿಸಿಕೊಂಡ ಸ್ಥಳ. ಅಲ್ಲಿ ದಿನದಿನವೂ ಯಾರು ಏನು ಮಾಡುತ್ತಿದ್ದರೆಂಬುದನ್ನು ವ್ಯಾಜ್ಯಕ್ಕೆ ಮುನ್ನ ವಿವರವಾಗಿ ಬರೆದಿಟ್ಟವರು ವಿರಳ.

ಈ ಮಾತು ನಮ್ಮಂಥ ಅಧ್ಯಾಪಕರಿಗೂ ತಗಲುತ್ತದೆ. ಮೊಹರಂ ಪದಗಳ ಸಂಗ್ರಹ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಸಾಕಷ್ಟು ನಡೆದಿದೆ. ಪದಗಳ ಛಂದಸ್ಸು, ಪಾಠಾಂತರ, ಕವಿಗಳ ಅಂಕಿತ ಇವುಗಳ ಮೇಲೆ ಪ್ರಬಂಧಗಳೂ ಬಂದಿವೆ. ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳು ಇನ್ನು ಮುಂದೆ ಹಾಡುವವರ ಮನೆಯಿಂದ ಹೊರಬಂದು, ಕುಣಿ ತೋಡುವ ಮನೆತನವನ್ನೂ ಪಂಜಾ ಇಡುವ ಪೆಟ್ಟಿಗೆಯ ಕೀಲಿ ಯಾರಲ್ಲಿದೆಯೆಂಬುದನ್ನೂ ಕೇಳಿ ಬರೆದುಕೊಂಡು ಬರಲಿ. ಹಬ್ಬ ನಿಂತುಹೋದ ಊರಾದರೆ ಯಾವ ವರ್ಷ ನಿಂತಿತು, ಆ ವರ್ಷ ಯಾರು ಬರಲಿಲ್ಲ, ಕಟ್ಟಿಗೆಯ ಪಾಲನ್ನು ಯಾರು ಕೊಡಲಿಲ್ಲ ಎಂಬುದನ್ನೂ ಕೇಳಲಿ. ಹೇಳಬಲ್ಲ ಮುದುಕರು ಇನ್ನೂ ಕೆಲವೆಡೆ ಇದ್ದಾರೆ.